ಬೇಕಲದ ಕಲ್ಲಿನ ಬಣ್ಣ

ಕಾಸರಗೋಡಿನಿಂದ ಚಂದ್ರಗಿರಿ ಸೇತುವೆಯನ್ನು ದಾಟಿ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರು ಸಾಗಿದರೆ ಬೇಕಲದ ಕೋಟೆ. ಕೆಳದಿಯ ಶಿವಪ್ಪ ನಾಯಕನು 17ನೆಯ ಶತಮಾನದಲ್ಲಿ ಕಟ್ಟಿಸಿದನೆಂದು ಪ್ರಸಿದ್ಧವಾದ ಈ ಕೋಟೆಗೆ ನಾವು ಶಾಲಾಮಕ್ಕಳನ್ನು ಕರೆದೊಯ್ದುದು ಎಷ್ಟು ಬಾರಿಯೋ ಲೆಕ್ಕವಿಲ್ಲ. ಕಳೆದ ಡಿಸೆಂಬರಿನ ಪ್ರವಾಸದಲ್ಲಿ ಮಾತ್ರ ನಮ್ಮ ಹೆಗಲಿನಲ್ಲಿ ಹೊಸ ಕ್ಯಾಮರಾ ಇದ್ದಿತು. ಮೇ ತಿಂಗಳ ಕೊನೆಗೆ ನಮ್ಮ ನಿವೃತ್ತಿ. ಕನ್ನಡ ವಿಭಾಗದ 11 ಮಕ್ಕಳ ಒಂದು ಒಳ್ಳೆಯ ಚಿತ್ರವನ್ನು ಶಾಲೆಯ ಗೋಡೆಗೆ ಬಿಟ್ಟುಹೋಗಬೇಕೆಂಬುದು ನಮ್ಮ ಆಸೆಯಾಗಿತ್ತು.

ಕಡಲಿಗೆ ಚಾಚಿದ ಕೊತ್ತಳದ ಮೇಲೆ ಮಕ್ಕಳನ್ನು ನಿಲ್ಲಿಸಿದೆವು. ಹೊತ್ತು ನಡುಮಧ್ಯಾಹ್ನ, ಬೆನ್ನ ಹಿಂದೆ ಹೊಳೆಯುವ ಅರಬ್ಬೀ ಸಮುದ್ರ. ಮರುದಿನ ಕಂಪ್ಯೂಟರಿನಲ್ಲಿ ನೋಡಿದರೆ ಆಕಾಶವೆಲ್ಲ ಬೆಳ್ಳಗೆ, ಮಕ್ಕಳ ಮುಖವೆಲ್ಲ ಕಪ್ಪಗೆ, ಮುರಕಲ್ಲಿನ ಗೋಡೆಯೋ ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಇಣುಕಿ ನೋಡಿ, "ಮಾಷ್ಟ್ರೇ, ಇದು ನಮ್ಮ ಕಲ್ಲೇ ಅಲ್ಲ" ಎಂದಳು. ಅವಳ ತಂದೆ ಕಲ್ಲಿನ ಕೋರೆಯಲ್ಲಿ ದುಡಿಯುವವರು. ಅವಳ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ಪುಣ್ಯಕ್ಕೆ ಕ್ಯಾಮರಾ ಪ್ರತಿಯೊಂದು ಚಿತ್ರವನ್ನೂ ಎರಡು ರೂಪದಲ್ಲಿ ಉಳಿಸಿತ್ತು. ಒಂದು ಜೆಪೆಗ್, ಇನ್ನೊಂದು ರಾ ಎಂಬ ಕಡತ. ವಾಚಕರಿಗೆ ಹೇಳುವುದಾದರೆ, ಜೆಪೆಗ್ ಎಂಬುದು ಬೆಂದ ಅನ್ನ, ರಾ ಎಂಬುದು ಅಕ್ಕಿ. ಅಕ್ಕಿಯಿಂದ ಗಂಜಿಯನ್ನೂ ಮಾಡಬಹುದು, ದೋಸೆಯನ್ನೂ ಹೊಯ್ಯಬಹುದು. ಬೆಂದುದು ಮತ್ತೆ ಅಕ್ಕಿಯಾಗದು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳು. 14 ಬಿಟ್ಟಿನ ರಾ ಕಡತದಲ್ಲಿ 16,384. ನೆರಳಿನಲ್ಲಿ ಮುಚ್ಚಿಹೋದ ಮುಖಗಳನ್ನು ಹೊರತೆಗೆಯುವುದು ಆ ಮೆಟ್ಟಿಲುಗಳ ಬಲದಿಂದಲೇ. ಆದರೆ ಪೂರ್ತಿ ಸುಟ್ಟ ಬಿಳುಪು ರಾ ಕಡತದಲ್ಲಿಯೂ ಮರಳಿ ಬಾರದು. ಒಂದೆರಡು ಚಿತ್ರಗಳನ್ನಾದರೂ ಆಕಾಶಕ್ಕೆ ತಕ್ಕಂತೆ ಬೆಳಕು ಕಡಿಮೆಮಾಡಿ ತೆಗೆದಿದ್ದೆವಾದುದರಿಂದ ಬದುಕಿಕೊಂಡೆವು.

ಅಕ್ಕಿಯೇನೋ ಇದೆ, ಬೇಯಿಸುವ ಒಲೆ ಯಾವುದು? ಪೇಟೆಯ ಸ್ಟುಡಿಯೋದವರು ಲೈಟ್‌ರೂಮ್ ಎಂದರು. 2007ರಲ್ಲಿ ಬಂದ ಈ ತಂತ್ರಾಂಶ ಉತ್ತಮವಾದುದೇ. ಆದರೆ ಈಗ ಅದಕ್ಕೆ ಚಂದಾ ಕಟ್ಟುತ್ತಲೇ ಇರಬೇಕು. ಚಂದಾ ನಿಂತರೆ ಚಿತ್ರಗಳು ನಮ್ಮಲ್ಲೇ ಉಳಿದರೂ ತಿದ್ದುವ ಕೋಣೆಗೆ ಬೀಗ. ಪಿಂಚಣಿಯವನಿಗೆ ಇದು ಹಿಡಿಸುವ ಏರ್ಪಾಡಲ್ಲ. ಕ್ಯಾಮರಾ ತಯಾರಕರ ತಂತ್ರಾಂಶ ಉಚಿತ, ಬಣ್ಣವೂ ಸೊಗಸು. ಆದರೆ ಅದು ಶಾಲೆಯ ಲ್ಯಾಪ್‌ಟಾಪಿನಲ್ಲಿ ನಡೆಯದು. ಕೇರಳದ ಶಾಲೆಗಳಲ್ಲಿರುವುದು ಲಿನಕ್ಸ್ ಅಲ್ಲವೇ! ನಾವು ಹೋದ ಮೇಲೆ ಶಾಲೆಯವರು ತೆರೆಯಲಾರದ ಕಡತದಿಂದ ಪ್ರಯೋಜನವೇನು? ಆದುದರಿಂದ ಡಾರ್ಕ್‌ಟೇಬಲ್ ಎಂಬ ಮುಕ್ತ ತಂತ್ರಾಂಶವನ್ನೇ ಆರಿಸಿಕೊಂಡೆವು. ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಆವೃತ್ತಿಗೆ ಹೊಸ ಕ್ಯಾಮರಾದ ಪರಿಚಯವೇ ಇರಲಿಲ್ಲ. ಹೊಸ ಆವೃತ್ತಿಯನ್ನು ಹಾಕಿದ ಮೇಲೆ ಚಿತ್ರ ತೆರೆಯಿತು. ಕಲಿಯುವುದು ಸುಲಭವೆಂದು ನಾವು ಹೇಳಲಾರೆವು. ಎರಡು ವಾರ ತಲೆ ಕೆರೆದುಕೊಂಡೆವು.

ಮೊದಲು ಬೆಳಕಿನ ಪ್ರಮಾಣ, ಬಳಿಕ ಬಿಳಿಯ ಸಮತೋಲ, ಆಮೇಲೆ ನೆರಳು. ಈ ಕ್ರಮ ನಮಗೆ ಒಗ್ಗಿತು. ಎಡವಿದ್ದು ಬಿಳಿಯ ಸಮತೋಲದಲ್ಲಿ. ಮಕ್ಕಳ ಸಮವಸ್ತ್ರದ ಅಂಗಿಯನ್ನು ಗುರುತಾಗಿ ಹಿಡಿದು ಅಚ್ಚಬಿಳಿ ಮಾಡಿದೊಡನೆ ಗೋಡೆ ಬೂದಿ ಬಳಿದಂತಾಯಿತು. ಕೆಂಪು ಗೋಡೆಯ ಬಳಿ ನಿಂತವನ ಬಿಳಿ ಅಂಗಿಯ ಮೇಲೂ ಒಂದಿಷ್ಟು ಕೆಂಪು ಪ್ರತಿಫಲಿಸುತ್ತದೆಂಬುದು ಆಗ ಹೊಳೆಯಿತು. ಹುಡುಗಿ ಕೋರೆಯಿಂದ ಕಲ್ಲಿನ ಒಂದು ತುಂಡನ್ನೇ ತಂದು ಮೇಜಿನ ಮೇಲಿಟ್ಟಳು. ಅದನ್ನು ನೋಡಿ ತಿದ್ದಿದರೆ ಕೋಟೆ ನಿನ್ನೆ ಕಟ್ಟಿದಂತೆ ಕಂಡಿತು! 1800-01ರಲ್ಲಿ ಈ ಸೀಮೆಯಲ್ಲೆಲ್ಲ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟನು. ಕಡಿದಾಗ ಮೃದು, ಗಾಳಿ ತಾಗಿದಂತೆ ಗಡಸು. ಹೊಸ ಕಲ್ಲಿನ ಕೆಂಪು ನೂರಾರು ಮಳೆಗಾಲಗಳನ್ನು ಕಂಡ ಗೋಡೆಯಲ್ಲಿ ಎಲ್ಲಿಂದ ಬರಬೇಕು?

ಕೊನೆಗೆ ಒಂದು ಭಾನುವಾರ, ಹುಡುಗಿಯನ್ನೂ ಅವಳ ತಂದೆಯನ್ನೂ ಕರೆದುಕೊಂಡು ಮತ್ತೆ ಬಸ್ಸು ಹತ್ತಿ ಬೇಕಲಕ್ಕೆ ಹೋದೆವು. ಕ್ಯಾಮರಾ ಮನೆಯಲ್ಲೇ ಉಳಿಯಿತು. ಅದೇ ಕೊತ್ತಳ, ಅದೇ ಮಧ್ಯಾಹ್ನ. ಗೋಡೆಯ ಮೇಲ್ಭಾಗ ಪಾಚಿ ಒಣಗಿ ಕಪ್ಪಾಗಿತ್ತು. ಅದರ ಕೆಳಗೆ ತುಕ್ಕಿನ ಕೆಂಪು. ಕಲ್ಲಿನ ತೂತುಗಳೊಳಗೆ ಹಳದಿ ಮಣ್ಣು. ಇಷ್ಟು ವರ್ಷ ಬಂದಿದ್ದರೂ ನಾವು ಗೋಡೆಯನ್ನು ಇಷ್ಟು ಹೊತ್ತು ನೋಡಿರಲಿಲ್ಲ. ಅವಳ ತಂದೆ ಕಲ್ಲನ್ನು ಸವರಿ, "ಇದು ಬಲಿತ ಕಲ್ಲು ಮಾಷ್ಟ್ರೇ" ಎಂದರು. ಅಂದು ಸಂಜೆಯೇ ಕುಳಿತು ತಿದ್ದಿದೆವು. ಅಂಗಿಗಳಲ್ಲಿ ಸ್ವಲ್ಪ ಕೆಂಪನ್ನು ಹಾಗೆಯೇ ಉಳಿಸಿದೆವು.

ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಮನೆಯ ಕಂಪ್ಯೂಟರಿನಿಂದ ಶಾಲೆಗೆ ಒಯ್ಯುವಾಗ ರಾ ಕಡತಗಳ ಪಕ್ಕದಲ್ಲಿದ್ದ ಎಕ್ಸ್‌ಎಂಪಿ ಎಂಬ ಪುಟ್ಟ ಕಡತಗಳನ್ನು ಕಸವೆಂದು ಭಾವಿಸಿ ಬಿಟ್ಟುಬಂದೆವು. ನಾವು ಮಾಡಿದ ತಿದ್ದುಪಡಿಗಳೆಲ್ಲ ಇದ್ದುದು ಅವುಗಳಲ್ಲೇ! ಶಾಲೆಯಲ್ಲಿ ತೆರೆದಾಗ ಚಿತ್ರ ಮತ್ತೆ ಅಕ್ಕಿಯಾಗಿ ಕುಳಿತಿತ್ತು. ಈಗ ರಾ, ಅದರ ಎಕ್ಸ್‌ಎಂಪಿ, ಪೂರ್ಣಗಾತ್ರದ ಜೆಪೆಗ್ ಮೂರನ್ನೂ ಒಟ್ಟಿಗೆ ಇಟ್ಟು, ಒಂದು ಪ್ರತಿಯನ್ನು ಮನೆಯಲ್ಲಿ, ಇನ್ನೊಂದನ್ನು ದಾಖಲಾತಿ ಪುಸ್ತಕವಿರುವ ಶಾಲೆಯ ಕಪಾಟಿನಲ್ಲಿ ಇರಿಸಿದ್ದೇವೆ. ಮಕ್ಕಳ ಹೆಸರುಗಳನ್ನೂ ಚಿತ್ರ ತೆಗೆದ ದಿನವನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಜೊತೆಗಿಟ್ಟಿದ್ದೇವೆ. ಗೋಡೆಯ ಚಿತ್ರಕ್ಕೆ ಚೌಕಟ್ಟು ಹಾಕಿಸುವುದಷ್ಟೇ ಉಳಿದಿದೆ.