ಚುಕ್ಕೆ ಬೀಳದ ಹನ್ನೊಂದು ಗೆರೆ

ಟ್ರ್ಯಾಕ್ಟರಿನ ಟೂಲ್ ಬಾಕ್ಸಿನ ಮುಚ್ಚಳದ ಒಳಮೈಗೆ ಅಪ್ಪ ಮೊಳೆಯಿಂದ ಗೆರೆ ಕೊರೆಯುತ್ತಿದ್ದ. ನೆಟ್ಟಗೆ ನಾಲ್ಕು, ಅವುಗಳ ಮೇಲೆ ಅಡ್ಡ ಒಂದು. ಅಲ್ಲಿಗೆ ಐದು ಖೇಪು. ಅಪ್ಪನಿಗೆ ಓದು ಬರಹ ಅಷ್ಟಕ್ಕಷ್ಟೆ. ಯಾರ ಹೊಲಕ್ಕೆ ಎಷ್ಟು ಖೇಪು ತಿಪ್ಪೆಗೊಬ್ಬರ ಹೋಯಿತು, ಯಾರ ಕಣದಿಂದ ಎಷ್ಟು ಖೇಪು ಜೋಳದ ಕಣಿಕೆ ಬಂತು, ಎಲ್ಲವೂ ಆ ತಗಡಿನ ಮೇಲೇ ಇರುತ್ತಿತ್ತು. ಬಾಡಿಗೆಯ ರೊಕ್ಕ ಕೈಸೇರಿದ ದಿನ ಆ ಗುಂಪಿನ ಕೊನೆಗೆ ಮೊಳೆಯಿಟ್ಟು ಒಂದು ಚುಕ್ಕೆ ಕುಟ್ಟುತ್ತಿದ್ದ. ಲೆಕ್ಕ ಚುಕ್ತಾ.

ನಮ್ಮ ಶಿರೂರು ಆಗ ಬಿಜಾಪುರ ಜಿಲ್ಲೆಯಲ್ಲಿತ್ತು. ಅಪ್ಪ ಸಾಲ ಮಾಡಿ ಮೆಸ್ಸಿ ತಂದದ್ದು 1984ರಲ್ಲಿ. ಮದ್ರಾಸಿನ ಟಾಫೆ ಕಂಪನಿಯ ಮ್ಯಾಸ್ಸಿ ಫರ್ಗ್ಯುಸನ್ 1035. ಕೆಂಪು ಬಾನೆಟ್ಟು, ಬೂದು ಬಣ್ಣದ ಮೈ. ಅವ್ವ ಆರತಿ ಮಾಡಿ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟಳು. ಅಲ್ಲಿಯವರೆಗೆ ಎರಿಹೊಲದ ಕರಿಕೆ ಬೇರು ಕೀಳಬೇಕೆಂದರೆ ದೊಡ್ಡ ರಂಟಿಗೆ ನಾಲ್ಕೆತ್ತು ಹೂಡಬೇಕಿತ್ತು. ಈಗ ಸೀಟಿನ ಪಕ್ಕದ ಹಿಡಿಕೆಯನ್ನು ಒಂದಿಷ್ಟು ಜಗ್ಗಿದರೆ ಸಾಕು, ಹಿಂದಿನ ಮೂರು ತೋಳುಗಳು ನೇಗಿಲನ್ನು ಕೂಸಿನ ಹಾಗೆ ಎತ್ತಿಕೊಳ್ಳುತ್ತಿದ್ದವು. ಅದು ಐರ್ಲೆಂಡಿನಲ್ಲಿ ಹುಟ್ಟಿದ ಹ್ಯಾರಿ ಫರ್ಗ್ಯುಸನ್ ಎಂಬಾತನ ಬುದ್ಧಿ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಪ್ಪನಿಗೆ ಆ ಹೆಸರು ಬೇಕಿರಲಿಲ್ಲ. ಎತ್ತಿನ ಕೊರಳಿಗೆ ಕೈಹಾಕುತ್ತಿದ್ದ ಹಾಗೆಯೇ ಆ ಹಿಡಿಕೆಗೆ ಕೈಹಾಕುತ್ತಿದ್ದ. ಚಪ್ಪಲಿ ಕೆಳಗೆ ಬಿಟ್ಟೇ ಗಾಡಿ ಏರುತ್ತಿದ್ದ.

ಮೂವತ್ತು ವರ್ಷದ ಬಿಸಿಲಿಗೆ ಆ ಕೆಂಪು ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ಕ್ಲಚ್ಚಿನ ಪೆಡಲಿನ ಮೇಲಿದ್ದ ಗೀಟುಗಳು ಬರಿಗಾಲಿಗೆ ಸವೆದು ಬೀಸುಕಲ್ಲಿನ ಗೂಟದಷ್ಟು ನುಣುಪಾಗಿದ್ದವು. ಬಾನೆಟ್ಟಿನ ಮೇಲೆ ಬೇವಿನ ಟೊಂಗೆ ಬಿದ್ದ ತಗ್ಗು. ಬನಶಂಕರಿ ಜಾತ್ರೆಗೆ ಹೋಗುವಾಗ ಅವ್ವ, ಅತ್ತೆಯರು, ರೊಟ್ಟಿಯ ಬುತ್ತಿ ಎಲ್ಲ ಟ್ರೇಲರಿನಲ್ಲಿ. ನಾನು ಮಾತ್ರ ಎಡಗಡೆಯ ಮಡ್‌ಗಾರ್ಡಿನ ಮೇಲೆ. ಬಲಗಡೆಯದು ಅಪ್ಪನದು. ರಂಟಿ ಹೊಡೆಯುವಾಗ ಹಿಂದೆ ತಿರುಗಿ ಸಾಲು ನೋಡಬೇಕಲ್ಲ, ಆಗ ಅವನ ಬಲಗೈ ಅಲ್ಲೇ ಊರಿರುತ್ತಿತ್ತು. ಅಂಗೈ ಅಗಲದಷ್ಟು ಜಾಗದಲ್ಲಿ ಬಣ್ಣ ಪೂರಾ ಹೋಗಿ ಒಳಗಿನ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅಪ್ಪ ತೀರಿಕೊಂಡ ದಿನ ಹಿತ್ತಲಿಗೆ ಹೋಗಿ ನಾನು ಕೈಯಿಟ್ಟದ್ದು ಅಲ್ಲಿ.

ಅಪ್ಪನ ವರ್ಷಾಂತಿಕಕ್ಕೆ ಊರಿಗೆ ಬಂದಾಗ ಗಾಡಿ ಅಂಗಳದಲ್ಲಿ ನಿಂತಿತ್ತು. ಧಗಧಗ ಕೆಂಪು. ಹೊಸ ಸ್ಟಿಕರು, ಮುಂದೆ ಗೊಂಡೆ, ಹಿಂದೆ ರೇಡಿಯಂ. ಅಣ್ಣನ ಮಗ ಓಡಿ ಬಂದ.

‘ನೋಡ್ರಿ ಕಾಕಾ, ಮುತ್ಯಾನ ಗಾಡಿ ಈಗ ಶೋರೂಮಿನ್ಯಾಗಿಂದ ಇಳಿಸಿದಂಗ ಆಗೈತಿ.’

ನಾನು ಬಲಗಡೆಯ ಮಡ್‌ಗಾರ್ಡು ನೋಡಿದೆ. ಆಮೇಲೆ ಟೂಲ್ ಬಾಕ್ಸಿನ ಮುಚ್ಚಳ ಎತ್ತಿದೆ. ಥಿನ್ನರಿನ ವಾಸನೆ ಇನ್ನೂ ಆರಿರಲಿಲ್ಲ.

‘ಅದರಾಗ ಭಾಳ ಗೀರು ಬಿದ್ದಿದ್ದುವ್ರಿ. ಗ್ರೈಂಡರ್ ಹೊಡಿಸಿ, ಲಪ್ಪ ತುಂಬಿಸಿ ಸಾಪ್ ಮಾಡಸೀನಿ.’

ಹುಡುಗ ತನ್ನ ದುಡಿಮೆಯ ರೊಕ್ಕ ಹಾಕಿದ್ದ. ಮುತ್ಯಾನ ಮೇಲಿನ ಪ್ರೀತಿಗೇ ಮಾಡಿದ್ದ. ‘ಚಲೋ ಆಗೈತಪಾ’ ಎಂದೆ. ಬೇರೆ ಏನನ್ನಲಿ?

ಆ ಮುಚ್ಚಳದಲ್ಲಿ ಚುಕ್ಕೆ ಬೀಳದ ಗುಂಪು ಒಂದೇ ಇತ್ತು. ಹನ್ನೊಂದು ಗೆರೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಆ ಮಳೆಯನ್ನು ಈ ಸೀಮೆಯವರು ಮರೆತಿಲ್ಲ. ಮಲಪ್ರಭೆ ದಂಡೆ ಮೀರಿ ಬಾದಾಮಿ, ಹುನಗುಂದದ ಕಡೆಯ ಊರುಗಳಿಗೆ ನುಗ್ಗಿದ್ದಳು. ಮಣ್ಣಿನ ಮನೆಗಳು ಕುಸಿದು ಕುಂತಿದ್ದವು. ಹೊಳೆದಂಡೆಯಲ್ಲಿ ನಮ್ಮ ಬೀಗರ ಊರಿತ್ತು. ಅಪ್ಪ ಟ್ರೇಲರ್ ಕಟ್ಟಿಕೊಂಡು ಹೋದವನು ಎರಡು ದಿನ ಮನೆಗೆ ಬರಲಿಲ್ಲ. ಮುದುಕರು, ಬಾಣಂತಿಯರು, ಕಾಳಿನ ಚೀಲ, ಆಡಿನ ಮರಿ, ಕೈಗೆ ಸಿಕ್ಕಿದ್ದನ್ನೆಲ್ಲ ಹೇರಿಕೊಂಡು ಎತ್ತರದ ಜಾಗಕ್ಕೆ ಹನ್ನೊಂದು ಖೇಪು ಹೊಡೆದ. ರೂಢಿ ಬಲದಿಂದ ಗೆರೆ ಕೊರೆದಿದ್ದ. ರೊಕ್ಕ ಮುಟ್ಟಲಿಲ್ಲ, ಚುಕ್ಕೆಯನ್ನೂ ಕುಟ್ಟಲಿಲ್ಲ. ಆ ಮಾತನ್ನು ಅವನು ಬಾಯಿಬಿಟ್ಟು ಯಾರಿಗೂ ಹೇಳಿದವನಲ್ಲ. ಹೇಳುತ್ತಿದ್ದದ್ದು ಆ ತಗಡೊಂದೇ.

ಬಾದಾಮಿಯ ಮೂರನೆಯ ಗುಹೆಗೆ ನಾನು ಎಷ್ಟು ಸಲ ಹೋಗಿದ್ದೇನೋ. 578ರ ಶಾಸನ ಇರುವ ಗುಹೆ ಅದು. ತಲೆಯೆತ್ತಿ ಹುಡುಕಿದರೆ ಚಾಲುಕ್ಯರ ಕಾಲದ ಚಿತ್ರಗಳ ಬಣ್ಣ ಇನ್ನೂ ಅಲ್ಲಲ್ಲಿ ಮಸುಕಾಗಿ ಕಾಣುತ್ತದೆ. ಮಾಸಿದೆಯಲ್ಲಾ ಎಂದು ಯಾರೂ ಅದರ ಮೇಲೆ ಹೊಸ ಬಣ್ಣ ಬಳಿಯಲು ಹೋಗುವುದಿಲ್ಲ. ಆದರೆ ಅದೇ ಸೀಮೆಯ ಹಳ್ಳಿಗಳಲ್ಲಿ ಹಳೆಯ ಗುಡಿಯ ಕಂಬಕ್ಕೆ ಆಯಿಲ್ ಪೇಂಟು ಬಳಿಯುತ್ತೇವೆ, ಶಾಸನದ ಅಕ್ಷರಗಳಿಗೆ ಸುಣ್ಣ ತುಂಬುತ್ತೇವೆ. ಅದೂ ಭಕ್ತಿಯಿಂದಲೇ. ನಮ್ಮ ಅಂಗಳದಲ್ಲಿ ಆದದ್ದೂ ಅದೇ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಆದರೂ ಪೇಂಟರ್ ಕೈಬರಹದ ಬಿಜಾಪುರದ ನಂಬರು ಅಪ್ಪನ ಗಾಡಿಯ ಮೇಲೆ ಹಾಗೇ ಉಳಿದಿತ್ತು. ಈಗ ಆ ಬರಹವೂ ಹೋಯಿತು.

ರಿಪೇರಿ ಬೇಡ ಎನ್ನುವವನು ನಾನಲ್ಲ. ಟಯರು, ಆಯಿಲ್ ಸೀಲು, ಕ್ಲಚ್ ಪ್ಲೇಟು ಸವೆದಾಗ ಬದಲಿಸಲೇಬೇಕು, ಅಪ್ಪನೂ ಬದಲಿಸುತ್ತಿದ್ದ. ದುಡಿಯುವ ಗಾಡಿಗೆ ಅದು ಅನ್ನ ಇದ್ದ ಹಾಗೆ. ಮೈಮೇಲಿನ ಬಣ್ಣದ ಮಾತು ಬೇರೆ. ಕಾರ್ಖಾನೆಯಲ್ಲಿ ಬಳಿದ ಬಣ್ಣ, ಅದರ ಮೇಲೆ ಒಂದು ಮನೆತನ ದುಡಿದ ಗುರುತು ಒಮ್ಮೆ ಹೋದವೆಂದರೆ ಯಾವ ಗ್ಯಾರೇಜಿನವರಿಂದಲೂ ತಿರುಗಿ ತರಲು ಆಗುವುದಿಲ್ಲ. ಇಂಗ್ಲೆಂಡ್, ಅಮೆರಿಕದಲ್ಲಿ ಹಳೆಯ ಟ್ರ್ಯಾಕ್ಟರ್ ಕೂಡಿಡುವವರು ಮೊದಲು ಎಲ್ಲವನ್ನೂ ಮಿರಿಮಿರಿ ಮಾಡುತ್ತಿದ್ದರು. ಈಗ ಅವರಲ್ಲೇ ಅನೇಕರು ಮೂಲ ಬಣ್ಣ ಉಳಿದ, ಮುಟ್ಟದೇ ಬಿಟ್ಟ ಗಾಡಿಗೆ ಹೆಚ್ಚಿನ ಬೆಲೆ ಕೊಡುತ್ತಾರೆ. ನಮ್ಮಲ್ಲೂ ಉಳಿಸಿಕೊಳ್ಳಬೇಕಾದ ಹಳೆಯ ಗಾಡಿಗಳಿವೆ. ನಮ್ಮ ದೇಶದ ಕಾರ್ಖಾನೆಯಿಂದ ಮೊದಲ ಟ್ರ್ಯಾಕ್ಟರ್ ಹೊರಬಂದದ್ದು 1959ರಲ್ಲಿ, ಫರೀದಾಬಾದಿನ ಐಷರ್. ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ 1971ರಿಂದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡುತ್ತಿತ್ತು. ಆ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ನಿರ್ಧರಿಸಿತು. ಇನ್ನು ಆ ಗಾಡಿಗಳು ಉಳಿಯುವುದಿದ್ದರೆ ರೈತರ ಹಿತ್ತಲುಗಳಲ್ಲೇ ಉಳಿಯಬೇಕು.

ಕಮತಗಿ, ಗುಳೇದಗುಡ್ಡ, ಇಳಕಲ್ಲ, ಯಾವ ಊರಿನವರೇ ಇರಲಿ, ನಿಮ್ಮ ಮನೆಯಲ್ಲಿ ಅಂಥದ್ದೊಂದು ಹಳೆಯ ಗಾಡಿ ನಿಂತಿದ್ದರೆ ದಯವಿಟ್ಟು ಅದನ್ನು ಉಜ್ಜಿಸಬೇಡಿರಿ. ಮಳೆ ತಾಗದ ಹಾಗೆ ತಗಡಿನ ನೆರಳು ಮಾಡಿರಿ. ಮಣ್ಣು ತೊಳೆದು ಒಣಗಿಸಿ, ಕಾಯಿಸಿದ ಅಗಸಿ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿರಿ. ಅದು ಒಣಗಿ ಪೊರೆಗಟ್ಟಿ ತುಕ್ಕನ್ನು ತಡೆಯುತ್ತದೆ, ಬಣ್ಣ ಇದ್ದ ಹಾಗೇ ಇರುತ್ತದೆ. ಬಣ್ಣ ಹೊಡೆಸಲೇಬೇಕು ಎಂದು ಮನೆಯವರು ಹಟ ಹಿಡಿದರೆ, ಪೇಂಟರ್ ಬರುವ ಮೊದಲು ಒಮ್ಮೆ ಟೂಲ್ ಬಾಕ್ಸಿನ ಮುಚ್ಚಳ ಎತ್ತಿ ಒಳಗೆ ನೋಡಿರಿ.