ಲಾಘವದ ಕತ್ತಿ

“ಯಾವ ಉತ್ತರ ಸರಳವೋ ಅದೇ ಸತ್ಯ” ಎಂಬ ಮಾತನ್ನು ನೀವು ಕೇಳಿರಬಹುದು. ಇದಕ್ಕೆ ‘ಓಕಮನ ಕ್ಷೌರದ ಕತ್ತಿ’ ಎಂಬ ಹೆಸರನ್ನೂ ಕೊಡುವುದುಂಟು. 14ನೆಯ ಶತಮಾನದ ಇಂಗ್ಲೆಂಡಿನಲ್ಲಿ ಓಕಮ್ ಎಂಬ ಹಳ್ಳಿಯ ವಿಲಿಯಂ ಎಂಬ ಕ್ರೈಸ್ತ ಸನ್ಯಾಸಿಯಿದ್ದನು. ಅವನ ಹೆಸರಿನಲ್ಲಿ ನಡೆದುಬಂದ ಈ ನಿಯಮವು ನಿಜವಾಗಿ ಹಾಗೆ ಹೇಳುವುದಿಲ್ಲ. ಅವಶ್ಯವಿಲ್ಲದೆ ಕಾರಣಗಳನ್ನು ಹೆಚ್ಚಿಸಬಾರದು ಎಂಬುದಷ್ಟೇ ಅದರ ತಾತ್ಪರ್ಯ. ಮಠದ ಪಾಠಶಾಲೆಯಲ್ಲಿ ತರ್ಕವನ್ನು ಅಭ್ಯಾಸಮಾಡಿದವರಿಗೆ ಇದು ಹೊಸದಲ್ಲ. ಎರಡು ಕಲ್ಪನೆಗಳು ಒಂದು ವಿಷಯವನ್ನು ಸಮಾನವಾಗಿ ವಿವರಿಸುವಾಗ ಲಘುವಾದುದನ್ನು ಸ್ವೀಕರಿಸಬೇಕು. ಭಾರವಾದುದರಲ್ಲಿ ‘ಗೌರವ’ ಎಂಬ ದೋಷವಿದೆ ಎಂದು ನಮ್ಮ ನೈಯಾಯಿಕರು ಹೇಳಿದ್ದಾರೆ. ಇಲ್ಲಿ ಗೌರವವೆಂದರೆ ಮರ್ಯಾದೆಯಲ್ಲ, ಭಾರ.

ಹಾಗಾದರೆ ಲಘುವಾದುದು ಯಾವುದು? ಚಿಕ್ಕ ಮಾತಿನಲ್ಲಿ ಮುಗಿಯುವುದೇ? ಅಲ್ಲ. ಅಮೀನಗಡದ ನನ್ನ ಮನೆಗೆ ಬರುವ ಅತಿಥಿಗಳನ್ನು ಹತ್ತಿರದ ಐಹೊಳೆಗೆ ಕರೆದೊಯ್ಯುವುದು ನನ್ನ ರೂಢಿ. ಅಲ್ಲಿನ ದುರ್ಗದ ಗುಡಿಯನ್ನು ಕಂಡೊಡನೆ ಬಹುಮಂದಿ, “ಇದು ದುರ್ಗಾದೇವಿಯ ಗುಡಿ” ಎನ್ನುತ್ತಾರೆ. ಹೆಸರು ಹಾಗಿದೆ, ಪ್ರದಕ್ಷಿಣಾಪಥದಲ್ಲಿ ಮಹಿಷಮರ್ದಿನಿಯ ಭವ್ಯಮೂರ್ತಿಯೂ ಇದೆ. ಇದಕ್ಕಿಂತ ಸರಳವಾದ ಉತ್ತರವೆಲ್ಲಿ? ಆದರೆ ಅದೇ ಪಥದಲ್ಲಿ ಶಿವನೂ ವಿಷ್ಣುವೂ ಇದ್ದಾರೆ. ಅಲ್ಲಿನ ಶಾಸನವು ಅದನ್ನು ಆದಿತ್ಯನ ಆಲಯವೆನ್ನುತ್ತದೆ. ‘ದುರ್ಗ’ ಎಂಬುದು ದೇವಿಯ ಹೆಸರಲ್ಲ, ಮುಂದಿನ ಕಾಲದಲ್ಲಿ ಗುಡಿಯನ್ನು ಒಳಗೊಂಡ ಕೋಟೆಯ ಹೆಸರು. ಈಗಿನ ಹೆಸರೇ ಕಟ್ಟಿಸಿದವರು ಇಟ್ಟ ಹೆಸರು ಎಂಬ ಊಹೆಯೊಂದು ಆ ಸರಳ ಉತ್ತರದಲ್ಲಿ ಅಡಗಿ ಕುಳಿತಿತ್ತು.

ಲಾಡಖಾನ್ ಗುಡಿಯ ಸಂಗತಿಯೂ ಇಂತಹುದೇ. ಅದರ ದಪ್ಪ ಕಂಬಗಳನ್ನೂ, ಮರದ ಮಾಡನ್ನು ಹೋಲುವ ಕಲ್ಲುಚಪ್ಪಡಿಯ ಮೇಲ್ಛಾವಣಿಯನ್ನೂ ಕಂಡು ಹೆನ್ರಿ ಕಸಿನ್ಸ್ ಮೊದಲಾದ ಹಿಂದಿನ ವಿದ್ವಾಂಸರು ಅದನ್ನು 5ನೆಯ ಶತಮಾನಕ್ಕೆ ಸೇರಿಸಿದ್ದರು. ಒರಟಾದುದು ಹಳೆಯದು, ನಯವಾದುದು ಹೊಸದು ಎಂಬುದು ಅವರ ತರ್ಕ. ಶಿಲ್ಪಕಲೆ ಒಂದೇ ದಾರಿಯಲ್ಲಿ ಒಂದೇ ದಿಕ್ಕಿಗೆ ನಡೆಯುತ್ತದೆಂಬ ಪ್ರಮಾಣರಹಿತ ಕಲ್ಪನೆ ಅದರ ಹಿಂದಿತ್ತು. ಅನಂತರದ ಸಂಶೋಧಕರು ಅದನ್ನು 7–8ನೆಯ ಶತಮಾನಗಳ ಚಾಲುಕ್ಯರ ಕಾಲಕ್ಕೆ ತಂದರು. ಕತ್ತಿ ಕತ್ತರಿಸಬೇಕಾದುದು ಇಂತಹ ಅಡಗಿದ ಊಹೆಗಳನ್ನು, ಶಾಸನದಂತಹ ಸಾಕ್ಷಿಯನ್ನಲ್ಲ.

ಇದು ಪಂಡಿತರ ವಿಚಾರ, ನಮಗೇಕೆ ಎನ್ನಬೇಡಿರಿ. ನಮ್ಮೂರಿನ ದನದ ಸಂತೆಯಿಂದ ಒಬ್ಬನು ಎತ್ತನ್ನು ತಂದನೆನ್ನಿ. ಮೂರನೆಯ ದಿನ ಅದು ಮೇವು ಬಿಟ್ಟಿತು. “ನೆರೆಯವನು ಮಾಟ ಮಾಡಿಸಿದ್ದಾನೆ” ಎಂದು ಯಾರೋ ನುಡಿದರು. ಮಾಟವೆಂಬುದು ಎರಡೇ ಅಕ್ಷರ; ಆದರೆ ಅದು ಹೊತ್ತ ಭಾರವೆಷ್ಟು! ನೆರೆಯವನಿಗೆ ಹಗೆಯಿರಬೇಕು, ಅವನು ಮಾಟಗಾರನನ್ನು ಹುಡುಕಿರಬೇಕು, ಮಂತ್ರಕ್ಕೆ ಕೊಲ್ಲುವ ಶಕ್ತಿಯಿರಬೇಕು, ಆ ಶಕ್ತಿ ಈ ಎತ್ತನ್ನೇ ಹುಡುಕಿ ಬರಬೇಕು. ಇವುಗಳಲ್ಲಿ ಒಂದಕ್ಕೂ ಸಾಕ್ಷಿಯಿಲ್ಲ. ದಾರಿಯ ದಣಿವು, ಮೇವಿನ ಬದಲಾವಣೆ ಇವೆರಡೂ ಕಣ್ಣೆದುರಿಗೇ ಇವೆ. ಮೊದಲು ಪರೀಕ್ಷಿಸಬೇಕಾದುದು ಇವನ್ನು. ಆದರೆ ಎತ್ತಿಗೆ ಜ್ವರ ಬಂದು, ಬಾಯಲ್ಲಿ ಜೊಲ್ಲು ಸುರಿದು, ಗೊರಸಿನ ಸಂದಿನಲ್ಲಿ ಹುಣ್ಣೆದ್ದರೆ, “ದಣಿವೇ ಸರಳ ಉತ್ತರ” ಎಂದು ಕುಳಿತಿರುವುದೂ ಅಷ್ಟೇ ಅವಿವೇಕ. ಅದು ಕಾಲುಬಾಯಿ ಬೇನೆಯಿರಬಹುದು. ಪಶುವೈದ್ಯರನ್ನು ಕರೆಸದೆ, ಎತ್ತನ್ನು ಬೇರೆ ಕಟ್ಟದೆ ಇದ್ದರೆ ಓಣಿಯ ದನಗಳಿಗೆಲ್ಲ ಬೇನೆ ಹರಡೀತು. ಮೊದಲ ತಪ್ಪಿನಿಂದ ನಿರಪರಾಧಿ ನೆರೆಯವನು ಕೆಡುತ್ತಾನೆ. ಎರಡನೆಯದರಿಂದ ಊರಿನ ಬದುಕೇ ಕೆಡುತ್ತದೆ.

ಆದುದರಿಂದ ಈ ಕತ್ತಿಗೆ ಎರಡು ನಿಬಂಧನೆಗಳುಂಟು. ಕಂಡ ಸಂಗತಿಗಳೆಲ್ಲವನ್ನೂ ವಿವರಿಸಬಲ್ಲ ಉತ್ತರಗಳ ನಡುವೆ ಮಾತ್ರ ಅದನ್ನು ಬಳಸಬೇಕು. ಅದು ಯಾವುದನ್ನು ಮೊದಲು ಪರೀಕ್ಷಿಸಬೇಕೆಂದು ತಿಳಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ಲೋಕವು ಸರಳವಾಗಿದೆಯೆಂದು ಅದು ಎಲ್ಲಿಯೂ ಹೇಳಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇನ್ನೊಬ್ಬರ ಮೇಲೆ ದೋಷ ಹೊರಿಸುವ ಮುನ್ನ ನಮ್ಮ ಊಹೆಗಳನ್ನು ಒಂದೊಂದಾಗಿ ಎಣಿಸೋಣ. ಆಧಾರವಿಲ್ಲದವನ್ನು ಬಿಡೋಣ, ಆಧಾರವಿರುವುದು ಎಷ್ಟೇ ತೊಡಕಾಗಿದ್ದರೂ ಒಪ್ಪೋಣ.