ಮಂಗಟ್ಟೆಯ ಕಪ್ಪು

ಡಿಸೆಂಬರ್ ಕೊನೆಯ ವಾರ, ಬೆಳಗಿನ ಏಳು ಗಂಟೆ. ದಾಂಡೇಲಿಯ ಟಿಂಬರ್ ಡಿಪೋದಲ್ಲಿ ಸಾಗುವಾನಿ ದಿಮ್ಮಿಗಳ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ತೊಡೆಯ ಮೇಲೆ ಹಾಳೆ, ಕೈಯಲ್ಲಿ 2ಬಿ ಪೆನ್ಸಿಲ್. ಮೊದಲು ಕೇಳುವುದು ರೆಕ್ಕೆಯ ಸದ್ದು, ಕಮ್ಮಾರ ತಿದಿ ಒತ್ತಿದ ಹಾಗೆ. ತಲೆಯೆತ್ತುವಷ್ಟರಲ್ಲಿ ಕಾಸರಕದ ಮರದಲ್ಲಿ ಎರಡು ಮಂಗಟ್ಟೆ ಕೂತಾಗಿದೆ. ಕಪ್ಪು-ಬಿಳಿಯ ಮಲಬಾರ್ ಮಂಗಟ್ಟೆ. ಕಾಸರಕದ ಬೀಜ ನಮಗೆ ವಿಷ. ಅವಕ್ಕೆ ಆ ಹಣ್ಣಿನ ತಿರುಳೇ ಊಟ.

ಕೊಕ್ಕಿನ ಬಾಗು ಬಂತು, ಕತ್ತು ಬಂತು, ಹಾರಿತು. ಇನ್ನೊಂದು ಕೊಂಬೆ, ಇನ್ನೊಂದು ಗೆರೆ. ಗಂಟೆಯೊಳಗೆ ಹಾಳೆಯ ತುಂಬ ಅರೆಬರೆ ಹಕ್ಕಿಗಳು.

ಹಿಂದೆ ನಿಂತು ನೋಡುತ್ತಿದ್ದ ಕಾವಲುಗಾರ ಬಗ್ಗಿದ. "ಎಲ್ಲಾನೂ ಗಂಡ ಮಾಡೀರಲ್ರೀ ಸರ. ಆಚೀಕಡೀದು ಹೆಣ್ಣು. ಕಣ್ಣಿನ ಸುತ್ತ ಬೆಳ್ಳಗೈತಿ ನೋಡ್ರಿ."

ಹೌದು. ಗಂಡಿನ ಕಣ್ಣು ಕೆಂಪು, ಸುತ್ತಲ ಚರ್ಮ ಕಪ್ಪು. ಹೆಣ್ಣಿಗೆ ಅಲ್ಲಿ ಬಿಳಿ ಉಂಗುರ. ಅಷ್ಟು ಹೊತ್ತು ನೋಡಿಯೂ ನನಗೆ ಕಂಡಿರಲಿಲ್ಲ. ರಬ್ಬರ್ ತೆಗೆದೆ.

ಬಿಸಿಲು ರೆಕ್ಕೆಗೆ ತಾಗಿದಾಗ ಇನ್ನೊಂದು ಸಂಗತಿ. ಕಪ್ಪು ಕಪ್ಪಲ್ಲ, ಅದರೊಳಗೆ ಹಸಿರು ಮಿರುಗುತ್ತದೆ. ಟ್ಯೂಬಿನ ಕಪ್ಪು ಬಳಿದರೆ ಹಕ್ಕಿ ಹಾಳೆಯಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಕಡುನೀಲಿಗೆ ಸುಟ್ಟ ಕಾವಿ, ಚೂರು ಹಸಿರು ಬೆರೆಸಿದೆ. ಬಾಲದ ಅಂಚಿನ ಬಿಳಿಗೆ ಬಣ್ಣವೇ ಬೇಡ, ಹಾಳೆಯನ್ನು ಹಾಗೇ ಬಿಟ್ಟರಾಯಿತು.

ಒಂಬತ್ತರ ಹೊತ್ತಿಗೆ ಕಾಳಿ ನದಿಯ ಕಡೆಯಿಂದ ದೊಡ್ಡ ಮಂಗಟ್ಟೆಯೊಂದು ಬಂದು ಬಸರಿ ಮರದಲ್ಲಿ ಕೂತಿತು. ಬಾಲದ ಬುಡಕ್ಕೆ ಕೊಕ್ಕು ಒತ್ತಿತು, ಕತ್ತು ತಿರುಗಿಸಿ ರೆಕ್ಕೆಗೆ ತೀಡಿತು, ಮತ್ತೆ ಒತ್ತಿತು. ಕತ್ತು, ರೆಕ್ಕೆಪಟ್ಟಿಗಳ ಆ ಹಳದಿ ಗರಿಯಲ್ಲೇ ಹುಟ್ಟಿದ್ದಲ್ಲ. ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಹಕ್ಕಿ ತಾನೇ ಬಳಿದುಕೊಂಡದ್ದು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಲಾಂಛನದಲ್ಲಿರುವುದೂ ದೊಡ್ಡ ಮಂಗಟ್ಟೆಯೇ. ಅದಕ್ಕೆ ಸ್ಫೂರ್ತಿಯಾದ ವಿಲಿಯಂ ಎಂಬ ಹಕ್ಕಿ 1894ರಲ್ಲಿ ಮುಂಬಯಿ ಸೇರಿದ್ದು ಇದೇ ಕಾಳಿ ಕಡಲು ಸೇರುವ ಕಾರವಾರದಿಂದ. 1920ರವರೆಗೆ ಸೊಸೈಟಿಯ ಕಚೇರಿಯಲ್ಲೇ ಬದುಕಿತ್ತು. ಆ ಲಾಂಛನವನ್ನು ಎಷ್ಟೋ ಸಲ ನಕಲು ಮಾಡಿದ್ದೇನೆ. ಈ ಎಣ್ಣೆ ತೀಡುವಾಗಿನ ಕತ್ತಿನ ತಿರುವು ಮಾತ್ರ ಇಲ್ಲಿ ಕೂತ ಮೇಲೆಯೇ ಸಿಕ್ಕಿತು.

2011ರಲ್ಲಿ ಇಲ್ಲಿನ 52.5 ಚದರ ಕಿಲೋಮೀಟರ್ ಕಾಡನ್ನು ಮಂಗಟ್ಟೆಗಳಿಗೆಂದೇ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. ಏಪ್ರಿಲ್‌ನಲ್ಲಿ ಬಂದರೆ ನಿಮಗೆ ಜೋಡಿ ಸಿಗುವುದು ಕಷ್ಟ. ಹೆಣ್ಣು ಪೊಟರೆಯ ಬಾಯಿ ಮೆತ್ತಿಕೊಂಡು ಒಳಗೆ ಕೂತಿರುತ್ತದೆ, ಗಂಡು ಹಣ್ಣು ಹೊರುತ್ತಿರುತ್ತದೆ. ಆಗ ದಯವಿಟ್ಟು ಪೊಟರೆ ಹುಡುಕಿಕೊಂಡು ಹೋಗಬೇಡಿ. ಹಣ್ಣಿನ ಮರದಿಂದ ದೂರ ಕೂತು, ಗಂಡನ್ನಷ್ಟೇ ಬರೆಯಿರಿ.